ನಾಣ್ಯ ಎಣಿಸುವವನ ಗೋಪುರ

ರಾಜ ತನ್ನ ಅಧಿಕಾರವನ್ನು ತೋರಿಸಲು ಕೋಟೆ ಕಟ್ಟಿಸುತ್ತಾನೆ, ಮಠಾಧಿಪತಿ ಗುಡಿ ಕಟ್ಟಿಸುತ್ತಾನೆ. ವ್ಯಾಪಾರಿ ಏನು ಕಟ್ಟಿಸಬೇಕು? ಅವನಿಗೆ ಸೈನ್ಯವಿಲ್ಲ, ಹೇಳಿಕೊಳ್ಳಲು ವಂಶಾವಳಿಯಿಲ್ಲ. ಹಣವಿದೆ, ಆದರೆ ಬ್ಯಾಂಕಿನಲ್ಲಿರುವ ಹಣ ಊರವರ ಕಣ್ಣಿಗೆ ಬೀಳುವುದಿಲ್ಲ. ಈ ಪ್ರಶ್ನೆಗೆ ಇಪ್ಪತ್ತನೆಯ ಶತಮಾನದ ಆರಂಭದ ನ್ಯೂಯಾರ್ಕ್ ಕೊಟ್ಟ ಉತ್ತರ ನನ್ನನ್ನು ಬಹಳ ದಿನಗಳಿಂದ ಕಾಡಿದೆ. ಅದರಲ್ಲೂ ಫ್ರಾಂಕ್ ವುಲ್‌ವರ್ತ್ ಎಂಬ ಅಂಗಡಿಕಾರ ಕಟ್ಟಿಸಿದ ಗೋಪುರ.

ವುಲ್‌ವರ್ತ್ ಹುಟ್ಟಿದ್ದು 1852ರಲ್ಲಿ, ನ್ಯೂಯಾರ್ಕ್ ರಾಜ್ಯದ ಹಳ್ಳಿಯೊಂದರ ರೈತ ಕುಟುಂಬದಲ್ಲಿ. 1879ರಲ್ಲಿ ಯೂಟಿಕಾದಲ್ಲಿ ತೆರೆದ ಮೊದಲ ಅಂಗಡಿ ಕೈಕೊಟ್ಟಿತು. ಅದೇ ವರ್ಷ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರಿನಲ್ಲಿ ತೆರೆದದ್ದು ಕೈಹಿಡಿಯಿತು. ಅವನ ಸೂತ್ರ ಸರಳವಾಗಿತ್ತು: ಸಾಮಾನನ್ನೆಲ್ಲ ಗಿರಾಕಿಯ ಕೈಗೆಟಕುವಂತೆ ಹರಡಿಡುವುದು, ಚೌಕಾಸಿಗೆ ಅವಕಾಶವಿಲ್ಲದೆ ಐದು ಇಲ್ಲವೇ ಹತ್ತು ಸೆಂಟಿಗೆ ಮಾರುವುದು. 1912ರಲ್ಲಿ ತನ್ನ ಜೊತೆಯ ವ್ಯಾಪಾರಿಗಳ ಅಂಗಡಿಗಳನ್ನೂ ಸೇರಿಸಿಕೊಂಡು ಒಂದೇ ಕಂಪನಿ ಮಾಡಿದಾಗ ಅದರಲ್ಲಿ 596 ಅಂಗಡಿಗಳಿದ್ದವು.

ಆ ವೇಳೆಗೆ ಮ್ಯಾನ್‌ಹಟನ್ನಿನಲ್ಲಿ ಎತ್ತರದ ಪೈಪೋಟಿ ಶುರುವಾಗಿತ್ತು. ಹೊಲಿಗೆ ಯಂತ್ರದ ಸಿಂಗರ್ ಕಂಪನಿ 1908ರಲ್ಲಿ 612 ಅಡಿಯ ಗೋಪುರ ಕಟ್ಟಿತು. ಮರುವರ್ಷವೇ ಮೆಟ್ರೊಪಾಲಿಟನ್ ಲೈಫ್ ಎಂಬ ವಿಮಾ ಕಂಪನಿ 700 ಅಡಿಗೆ ಏರಿತು. ವುಲ್‌ವರ್ತ್ ತನ್ನ ವಾಸ್ತುಶಿಲ್ಪಿ ಕ್ಯಾಸ್ ಗಿಲ್ಬರ್ಟನಿಂದ ಯೋಜನೆಯನ್ನು ಮತ್ತೆ ಮತ್ತೆ ಹಿಗ್ಗಿಸಿಸಿ 792 ಅಡಿಗೆ ತಲುಪಿದ. ಖರ್ಚು 1.35 ಕೋಟಿ ಡಾಲರ್. ಐದು ಸೆಂಟಿನ ಲೆಕ್ಕದಲ್ಲಿ ಹೇಳುವುದಾದರೆ, 27 ಕೋಟಿ ನಾಣ್ಯಗಳು.

ಆದರೆ ಎತ್ತರವೊಂದೇ ಅವನಿಗೆ ಸಾಕಾಗಲಿಲ್ಲ. ಕಟ್ಟಡದ ಭಾರವನ್ನೆಲ್ಲ ಹೊತ್ತಿರುವುದು ಉಕ್ಕಿನ ಚೌಕಟ್ಟು. ಅದರ ಮೇಲೆ ಕೆನೆ ಬಣ್ಣದ ಟೆರಾಕೋಟಾ ಹೊದಿಸಿ, ಮಧ್ಯಯುಗದ ಯುರೋಪಿನ ಗಾಥಿಕ್ ಚರ್ಚುಗಳ ಕಮಾನು, ಶಿಖರ, ವಿಚಿತ್ರ ಪ್ರಾಣಿಮುಖಗಳನ್ನು ಕೂರಿಸಲಾಯಿತು. ಹಳೆಯ ಚರ್ಚುಗಳಲ್ಲಿ ಗೋಡೆ ಹೊರಗೆ ವಾಲದಂತೆ ತಡೆಯುತ್ತಿದ್ದ ಆನಿಕೆಗಳು ಇಲ್ಲಿ ಬರೀ ಅಲಂಕಾರ. ಒಳಗಿನ ಮೊಗಸಾಲೆ ಶಿಲುಬೆಯಾಕಾರದ್ದು, ಮೇಲ್ಛಾವಣಿಗೆ ಹೊಳೆಯುವ ಮೊಸಾಯಿಕ್. ಪಾದ್ರಿಯೊಬ್ಬರು ಇದನ್ನು ವ್ಯಾಪಾರದ ಕೆಥೆಡ್ರಲ್ ಎಂದು ಕರೆದರು, ಆ ಹೆಸರು ಅಂಟಿಕೊಂಡಿತು. 1913ರ ಏಪ್ರಿಲ್ 24ರ ಸಂಜೆ ಅಧ್ಯಕ್ಷ ವುಡ್ರೊ ವಿಲ್ಸನ್ ವಾಷಿಂಗ್ಟನ್ನಿನಲ್ಲಿ ಗುಂಡಿ ಒತ್ತಿದಾಗ ಇಲ್ಲಿ 80,000 ದೀಪಗಳು ಹೊತ್ತಿಕೊಂಡವು. ಅಗ್ಗದ ಸಾಮಾನು ಮಾರಿ ಬಂದ ಹಣಕ್ಕೆ ಚರ್ಚಿನ ಗಾಂಭೀರ್ಯವೂ ಸಿಕ್ಕಿತು, ಸರ್ಕಾರದ ಮನ್ನಣೆಯೂ ಸಿಕ್ಕಿತು.

ನನಗೆ ಎಲ್ಲಕ್ಕಿಂತ ಕುತೂಹಲ ಹುಟ್ಟಿಸುವುದು ಆ ಮೊಗಸಾಲೆಯ ಕಮಾನುಗಳ ಬುಡದಲ್ಲಿರುವ ಪುಟ್ಟ ಶಿಲ್ಪಗಳು. ಒಂದರಲ್ಲಿ ವುಲ್‌ವರ್ತ್ ಮುದುರಿ ಕೂತು ನಾಣ್ಯ ಎಣಿಸುತ್ತಿದ್ದಾನೆ. ಇನ್ನೊಂದರಲ್ಲಿ ಗಿಲ್ಬರ್ಟ್ ಕಟ್ಟಡದ ಮಾದರಿಯನ್ನು ಎದೆಗವಚಿಕೊಂಡಿದ್ದಾನೆ. ಉಕ್ಕಿನ ತೊಲೆ ಅಳೆಯುವ ಎಂಜಿನಿಯರ್ ಇದ್ದಾನೆ, ಬ್ಯಾಂಕಿನ ಮುಖ್ಯಸ್ಥನಿದ್ದಾನೆ, ಕೋಣೆಗಳನ್ನು ಬಾಡಿಗೆಗೆ ಹಚ್ಚುವ ಏಜೆಂಟನೂ ಇದ್ದಾನೆ. ಮಧ್ಯಯುಗದ ಚರ್ಚುಗಳಲ್ಲಿ ಕಟ್ಟಿಸಿದ ದಾನಿ ಚರ್ಚಿನ ಮಾದರಿಯನ್ನು ದೇವರಿಗೆ ಒಪ್ಪಿಸುವ ಶಿಲ್ಪಗಳಿರುತ್ತವೆ. ಇಲ್ಲಿ ಒಪ್ಪಿಸಲು ದೇವರಿಲ್ಲ, ದಾನಿಯ ಕೈಯಲ್ಲಿರುವುದು ನಾಣ್ಯ. ಇದು ತಮಾಷೆಯೂ ಹೌದು, ಪ್ರಾಮಾಣಿಕತೆಯೂ ಹೌದು. ಗಗನಚುಂಬಿಯೆಂದರೆ ನೆಲದಿಂದ ಆದಾಯ ಹುಟ್ಟಿಸುವ ಯಂತ್ರ ಎಂದು ಗಿಲ್ಬರ್ಟನೇ ಹೇಳಿದ್ದ. ವುಲ್‌ವರ್ತನ ಕಂಪನಿ ತನಗೆ ಇಟ್ಟುಕೊಂಡದ್ದು ಸ್ವಲ್ಪ ಜಾಗ ಮಾತ್ರ. ಉಳಿದದ್ದೆಲ್ಲ ಬಾಡಿಗೆಗೆ.

ಈ ಶಿಲ್ಪಗಳ ಸಾಲಿನಲ್ಲಿ ಇಲ್ಲದವರು ಯಾರು ಎಂದು ಕೇಳಿಕೊಂಡಾಗ ಕಟ್ಟಡದ ಅರ್ಥ ನನಗೆ ಬದಲಾಗತೊಡಗಿತು. ಕೌಂಟರುಗಳ ಹಿಂದೆ ದಿನವಿಡೀ ನಿಂತು ಆ ನಾಣ್ಯಗಳನ್ನು ಸಂಗ್ರಹಿಸಿ ಕೊಟ್ಟ ಹುಡುಗಿಯರು ಅಲ್ಲಿಲ್ಲ. ಅಗ್ಗದ ಆಳು ಸಿಗದಿದ್ದರೆ ಅಗ್ಗದ ಮಾಲು ಮಾರಲಾಗದು ಎಂಬರ್ಥದ ಮಾತನ್ನು ವುಲ್‌ವರ್ತ್ ತನ್ನ ಮ್ಯಾನೇಜರುಗಳಿಗೆ ಬರೆದಿದ್ದ. ಮೊಗಸಾಲೆಯ ಮೇಲ್ಗೋಡೆಯಲ್ಲಿ ಶ್ರಮ ಎಂಬ ಹೆಸರಿನ ಚಿತ್ರವಿದೆ ನಿಜ. ಆದರೆ ಅದು ಸಿಂಹಾಸನದ ಮೇಲೆ ಕೂತ ಕಾಲ್ಪನಿಕ ಸ್ತ್ರೀಯ ಚಿತ್ರ. ಧಣಿಗೆ, ಬ್ಯಾಂಕರಿಗೆ, ಏಜೆಂಟನಿಗೆ ಅವರವರ ಮುಖ ಸಿಕ್ಕಿತು. ದುಡಿದವರಿಗೆ ಸಿಕ್ಕಿದ್ದು ರೂಪಕ.

ಅವರು ತಮ್ಮ ಮುಖ ತೋರಿಸಿದ್ದು ಬೇರೆ ಕಡೆ. 1937ರಲ್ಲಿ ಡೆಟ್ರಾಯಿಟಿನ ವುಲ್‌ವರ್ತ್ ಅಂಗಡಿಯ ಹುಡುಗಿಯರು ಕೆಲಸ ನಿಲ್ಲಿಸಿ ಅಂಗಡಿಯೊಳಗೇ ಒಂದು ವಾರ ಕೂತರು, ಕೂಲಿ ಹೆಚ್ಚಿಸಿಕೊಂಡೇ ಎದ್ದರು. 1960ರ ಫೆಬ್ರವರಿ 1ರಂದು ಉತ್ತರ ಕೆರೊಲಿನಾದ ಗ್ರೀನ್ಸ್‌ಬರೋದಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ಅಂಥದೇ ಅಂಗಡಿಯಲ್ಲಿ ಸಣ್ಣಪುಟ್ಟ ಸಾಮಾನು ಕೊಂಡು, ಬಿಳಿಯರಿಗೆ ಮೀಸಲಾದ ಊಟದ ಕೌಂಟರಿನಲ್ಲಿ ಕೂತು ಕಾಫಿ ಕೇಳಿದರು. ಅವರ ಹಣ ಅಂಗಡಿಗೆ ಬೇಕಿತ್ತು, ಅವರು ಕೂರುವುದು ಬೇಡವಾಗಿತ್ತು. ಕಾಫಿ ಸಿಗಲಿಲ್ಲ, ಅವರು ಏಳಲೂ ಇಲ್ಲ. ಮರುದಿನದಿಂದ ಹೆಚ್ಚು ಜನ ಬಂದರು. ಚಳವಳಿ ದಕ್ಷಿಣದ ಊರೂರಿಗೆ ಹರಡಿತು. ಜುಲೈ 25ರಂದು ಆ ಕೌಂಟರಿನಲ್ಲಿ ಕಪ್ಪು ಜನರಿಗೂ ಊಟ ಬಡಿಸಬೇಕಾಯಿತು.

ವುಲ್‌ವರ್ತ್ 1919ರಲ್ಲಿ ತೀರಿಕೊಂಡ. ಅವನ ಗೋಪುರ 1930ರಲ್ಲಿ ಜಗತ್ತಿನ ಅತಿ ಎತ್ತರದ ಕಟ್ಟಡವೆಂಬ ಪಟ್ಟ ಕಳೆದುಕೊಂಡಿತು. ಪೈಪೋಟಿ ಶುರುಮಾಡಿದ ಸಿಂಗರ್ ಗೋಪುರವನ್ನಂತೂ 1968ರಲ್ಲಿ ಕೆಡವಿಯೇ ಹಾಕಿದರು. 1997ರಲ್ಲಿ ಕಂಪನಿ ಅಮೆರಿಕದಲ್ಲಿ ಉಳಿದಿದ್ದ ತನ್ನ ಅಗ್ಗದಂಗಡಿಗಳನ್ನು ಮುಚ್ಚಿತು, ಮರುವರ್ಷ ಗೋಪುರವನ್ನೂ ಮಾರಿತು. ಅದರ ಮೇಲಿನ ಅಂತಸ್ತುಗಳು ಈಗ ದುಬಾರಿ ಮನೆಗಳು. ಗ್ರೀನ್ಸ್‌ಬರೋದ ಅಂಗಡಿಗೆ ಶಿಖರವಿರಲಿಲ್ಲ, ಮೊಸಾಯಿಕ್ ಇರಲಿಲ್ಲ. ಆದರೆ 2010ರಲ್ಲಿ ಅದು ನಾಗರಿಕ ಹಕ್ಕುಗಳ ವಸ್ತುಸಂಗ್ರಹಾಲಯವಾಯಿತು. ಇವತ್ತು ಜನ ಅಲ್ಲಿಗೆ ಹೋಗುವುದು ಒಂದು ಕೌಂಟರನ್ನೂ ಅದರ ಮುಂದಿನ ಕುರ್ಚಿಗಳನ್ನೂ ನೋಡಲು. ಎರಡೂ ಕಟ್ಟಡಗಳ ಹೆಸರು ವುಲ್‌ವರ್ತನದೇ. ಅಧಿಕಾರ ತನ್ನನ್ನು ಹೇಗೆ ಕಡೆದುಕೊಳ್ಳುತ್ತದೆ ಎಂದು ತಿಳಿಯಲು ಮೊದಲನೆಯದನ್ನು ನೋಡಬೇಕು. ಅದಕ್ಕೆ ಜನ ಕೊಟ್ಟ ಉತ್ತರ ತಿಳಿಯಬೇಕಾದರೆ ಎರಡನೆಯದಕ್ಕೇ ಹೋಗಬೇಕು.