ಕೆಲಸಿಯ ಕತ್ತಿ: ಹಡಪ, ಶಾಸನ, ಸಾಣೆ

ಹಳೆಯ ಕನ್ನಡ ಬಳಕೆಯಲ್ಲಿ ‘ಕೆಲಸ’ ಎಂಬ ಮಾತಿಗೆ ಕ್ಷೌರ ಎಂಬ ವಿಶೇಷಾರ್ಥವೂ ಇದೆ. ‘ಕೆಲಸಿ’ ಎಂದರೆ ಕ್ಷೌರಿಕ. ಊರಿನಲ್ಲಿ ನೂರು ಬಗೆಯ ಕೆಲಸಗಳಿದ್ದರೂ ಆ ಹೆಸರು ಈ ಒಂದು ವೃತ್ತಿಗೆ ಸಂದಿತು. ಸಂಸ್ಕೃತದ ‘ನಾಪಿತ’ವು ಕನ್ನಡಕ್ಕೆ ಬಂದು ‘ನಾವಿದ’ವಾಗಿ, ಮುಂದೆ ‘ನಾಯಿಂದ’ವಾಯಿತು. ‘ಹಜಾಮ’ ಎಂಬುದು ಅರಬ್ಬಿ ಮೂಲದ್ದು. ಅಲ್ಲಿ ಅದರ ಅರ್ಥ ದೇಹದ ಕೆಟ್ಟ ರಕ್ತವನ್ನು ಹೊರತೆಗೆಯುವ ಚಿಕಿತ್ಸಕ ಎಂದು. ಹಳ್ಳಿಗಳಲ್ಲಿ ಕುರು ಕೊಯ್ಯುವುದು, ಗಾಯಕ್ಕೆ ಮದ್ದು ಕಟ್ಟುವುದು ಇದೇ ಮನೆತನದವರ ಕೈಯಲ್ಲಿದ್ದಾಗ ಆ ಅರ್ಥ ಇಲ್ಲಿಯೂ ಸಲ್ಲುತ್ತಿತ್ತು. ವೈದ್ಯನನ್ನು ಸೂಚಿಸುತ್ತಿದ್ದ ಮಾತು ಕನ್ನಡದಲ್ಲಿ ಬೈಗುಳವಾಗಿ ಇಳಿದುಬಂದದ್ದು ಭಾಷೆಯ ದೋಷವಲ್ಲ, ಆಡುವವರ ದೋಷ.

‘ಹಡಪ’ ಎಂಬ ಪದದ ಸಂಗತಿ ಇನ್ನೂ ಸ್ವಾರಸ್ಯಕರವಾಗಿದೆ. ಪ್ರಾಚೀನ ಕಾವ್ಯ-ಶಾಸನಗಳಲ್ಲಿ ಹಡಪವೆಂದರೆ ಎಲೆಯಡಕೆಯ ಸಂಚಿ. ಅರಸನ ಬಳಿ ಅದನ್ನು ಹಿಡಿದು ನಿಲ್ಲುವವನು ಹಡಪಿಗ, ಹಡಪವಳ. ಅದು ಅತ್ಯಂತ ನಂಬುಗೆಯ ಹುದ್ದೆ, ಏಕೆಂದರೆ ತಾಂಬೂಲದಲ್ಲಿ ವಿಷ ಬೆರೆಸುವುದು ಸುಲಭ. ಬಸವಣ್ಣನವರ ಬಳಿಯಿದ್ದ ಹಡಪದ ಅಪ್ಪಣ್ಣನ ಹೆಸರಿನಲ್ಲಿರುವುದು ಈ ಅರ್ಥದ ಹಡಪವೇ. ಆದರೆ ಕ್ಷೌರಿಕನು ಕತ್ತಿ, ಕನ್ನಡಿ, ಸಾಣೆಕಲ್ಲುಗಳನ್ನು ಇಟ್ಟುಕೊಳ್ಳುವ ಚೀಲಕ್ಕೂ ಹಡಪವೆಂಬ ಹೆಸರಿದೆ. ಎರಡು ಚೀಲಗಳು ಒಂದೇ ಪದದೊಳಗೆ ಸೇರಿಕೊಂಡವು. ಶರಣನು ಒಂದು ಸಮುದಾಯದ ಮೂಲಪುರುಷನಾದನು. ಅಪ್ಪಣ್ಣನು ವೃತ್ತಿಯಿಂದ ಕ್ಷೌರಿಕನೇ ಅಲ್ಲವೇ ಎಂಬ ಚರ್ಚೆಗಿಂತ, ಈ ಎರಡು ಹಡಪಗಳೂ ಯಜಮಾನನ ಪ್ರಾಣವನ್ನು ಇನ್ನೊಬ್ಬನ ಕೈಗೆ ಒಪ್ಪಿಸುವ ಸಾಧನಗಳು ಎಂಬುದು ಹೆಚ್ಚು ಗಮನಾರ್ಹ. ಅಪ್ಪಣ್ಣನ ಪತ್ನಿ ಲಿಂಗಮ್ಮನೂ ವಚನಕಾರ್ತಿ. ‘ಅಪ್ಪಣ್ಣಪ್ರಿಯ ಚೆನ್ನಬಸವಣ್ಣ’ ಎಂಬ ಅವಳ ಅಂಕಿತದಲ್ಲಿ ಗಂಡನ ಹೆಸರು ದೈವದ ಹೆಸರಿನೊಡನೆ ನಿಂತಿದೆ.

ಕತ್ತಿ ಹಿಡಿದವನೊಬ್ಬನ ಹೆಸರು ಕಲ್ಲಿನಲ್ಲಿ ಉಳಿದದ್ದು ವಿಜಯನಗರದ ಕಾಲದಲ್ಲಿ. ಸದಾಶಿವರಾಯನು (1542–1570) ಸಿಂಹಾಸನದಲ್ಲಿದ್ದು, ಆಡಳಿತದ ಸೂತ್ರವೆಲ್ಲ ಅಳಿಯ ರಾಮರಾಯನ ಕೈಯಲ್ಲಿದ್ದಾಗ, ಕೊಂಡೋಜ ಎಂಬ ನಾಯಿಂದನು ರಾಮರಾಯನಿಗೆ ಮೆಚ್ಚಾದನು. ಆ ಮೆಚ್ಚಿಕೆಯ ಫಲವಾಗಿ ನಾಯಿಂದರು ತೆರಬೇಕಾಗಿದ್ದ ತೆರಿಗೆಗಳು ಮನ್ನಾ ಆದವು. ಬಾದಾಮಿಯಲ್ಲಿ ಇದರ ಶಾಸನವಿದೆ. ಚಿತ್ರದುರ್ಗ ಸೀಮೆಯಲ್ಲಿಯೂ ಇಂಥ ಮಾನ್ಯದ ಶಾಸನಗಳು ದೊರೆತಿವೆ. ಇಂದಿನ ದಾವಣಗೆರೆ, ಹರಿಹರ ತಾಲ್ಲೂಕುಗಳು 1997ರವರೆಗೆ ಚಿತ್ರದುರ್ಗ ಜಿಲ್ಲೆಗೇ ಸೇರಿದ್ದವೆಂಬುದನ್ನು ಈ ಭಾಗದ ವಿದ್ಯಾರ್ಥಿಗಳು ನೆನಪಿಡಬೇಕು, ಬಿ.ಎಲ್. ರೈಸರ ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ಹರಿಹರದ ಶಾಸನಗಳನ್ನು ಹುಡುಕುವವರು ತೆರೆಯಬೇಕಾದದ್ದು ಚಿತ್ರದುರ್ಗದ ಸಂಪುಟವನ್ನೇ.

ಇಲ್ಲಿ ಎರಡು ಸಂಗತಿಗಳು ವಿಚಾರಾರ್ಹ. ಮೊದಲನೆಯದು ಹೆಸರು. ‘ಓಜ’ ಎಂಬುದು ‘ಉಪಾಧ್ಯಾಯ’ ಪದದ ಪ್ರಾಕೃತ ರೂಪದಿಂದ ಬಂದದ್ದು. ಶಿಲ್ಪಿಗಳು, ಅಕ್ಕಸಾಲಿಗಳು, ಕಮ್ಮಾರರು ತಮ್ಮ ಹೆಸರಿನ ಕೊನೆಗೆ ಇದನ್ನು ಧರಿಸುತ್ತಿದ್ದರು. ದೇವಾಲಯ ಕಟ್ಟಿದ ರೂವಾರಿಗಳ ಸಾಲಿನಲ್ಲಿ ಕಾಣುವ ಈ ಗೌರವಪ್ರತ್ಯಯ ಕ್ಷೌರಿಕನ ಹೆಸರಿನಲ್ಲಿಯೂ ಇದೆಯೆಂದರೆ, ಅವನ ವೃತ್ತಿಯನ್ನು ಕೈಗಾರಿಕೆಯ ವಿದ್ಯೆಯೆಂದೇ ಆ ಕಾಲ ಎಣಿಸಿತ್ತೆಂದು ಹೇಳಬಹುದು. ಎರಡನೆಯದು ಬಹುಮಾನದ ಸ್ವರೂಪ. ಮೆಚ್ಚಿದ ದೊರೆ ಸೇವಕನಿಗೆ ಹೊನ್ನು, ಹೊಲ, ಬಳೆ ಕೊಡುವುದು ರೂಢಿ. ಇಲ್ಲಿ ಒಬ್ಬನ ಕೈಚಳಕದ ಫಲ ಅವನ ಜಾತಿಯವರಿಗೆಲ್ಲ ಹಂಚಿಕೆಯಾಗಿದೆ. ಕೊಂಡೋಜನೇ ಹಾಗೆ ಬೇಡಿಕೊಂಡಿರಬೇಕು ಎಂದು ಊಹಿಸದೆ ಇರುವುದು ಕಷ್ಟ. ಊರ ಆಯಗಾರರಲ್ಲಿ ಒಬ್ಬನಾಗಿ, ಸುಗ್ಗಿಯ ಕಣದಲ್ಲಿ ಆಯದ ಕಾಳಿಗಾಗಿ ವರ್ಷವಿಡೀ ದುಡಿಯುತ್ತಿದ್ದವನ ಮೇಲೆ ತೆರಿಗೆಯ ಜೊತೆಗೆ ಬಿಟ್ಟಿಯ ಹೊರೆಯೂ ಇದ್ದಾಗ, ಈ ಮಾನ್ಯದ ಬೆಲೆ ಅರಮನೆಯ ಹೊನ್ನಿಗಿಂತ ಹೆಚ್ಚಿನದು.

ರಾಮರಾಯನು ಮೆಚ್ಚಿದ ಕೈಚಳಕ ಎಂಥದ್ದೆಂದು ತಿಳಿಯಲು ಕತ್ತಿಯ ಸ್ವಭಾವವನ್ನು ಬಲ್ಲವರೇ ಬೇಕು. ಕಠೋಪನಿಷತ್ತು ಆತ್ಮಜ್ಞಾನದ ದಾರಿಯನ್ನು ಕ್ಷುರದ ಅಲಗಿಗೆ ಹೋಲಿಸಿದ್ದು ಸುಮ್ಮನೆ ಅಲ್ಲ. ಕ್ಷೌರದ ಕತ್ತಿಯ ಬೆನ್ನು ದಪ್ಪ, ಬಾಯಿ ಎಳೆಯಷ್ಟು ತೆಳು. ಸಾಣೆ ಹಿಡಿಯುವಾಗ ಬೆನ್ನು, ಬಾಯಿ ಎರಡೂ ಕಲ್ಲಿಗೆ ತಾಗಿರಬೇಕು. ಬೆನ್ನಿನ ದಪ್ಪವೇ ಅಲಗಿನ ಕೋನವನ್ನು ನಿರ್ಧರಿಸುತ್ತದೆ. ಕೈ ಕೊಂಚ ಎತ್ತಿದರೂ ಅಲಗು ಕೆಡುತ್ತದೆ. ಕಲ್ಲಿನ ಮೇಲೆ ಬಾಯಿ ಮುಂದಾಗಿ ಸಾಗಬೇಕು, ಚರ್ಮದ ಪಟ್ಟಿಯ ಮೇಲೆ ಬೆನ್ನು ಮುಂದಾಗಿ; ಇದು ತಿರುಗಿದರೆ ಕತ್ತಿಯ ಬದಲು ಚರ್ಮವೇ ಸೀಳುತ್ತದೆ. ಸಾಣೆಯ ಸರದಿ ಅಪರೂಪಕ್ಕೊಮ್ಮೆ, ಚರ್ಮಕ್ಕೆ ಎಳೆಯುವುದು ಮಾತ್ರ ಪ್ರತಿ ಕ್ಷೌರಕ್ಕೂ ಮೊದಲು. ಹರಿತವನ್ನು ಮುಂಗೈಯ ಕೂದಲ ಮೇಲೆ ನೋಡುವ ಪದ್ಧತಿ ಇಂದಿಗೂ ಇದೆ. ಕೆನ್ನೆಯನ್ನು ಚೆನ್ನಾಗಿ ನೆನೆಸಿ, ಎಡಗೈಯಿಂದ ಚರ್ಮವನ್ನು ಬಿಗಿಹಿಡಿದು, ಕತ್ತಿಯನ್ನು ಮುಖಕ್ಕೆ ಮೂವತ್ತು ಡಿಗ್ರಿಯಷ್ಟು ಓರೆಯಾಗಿಸಿ, ಮೊದಲು ಕೂದಲು ಬೆಳೆದ ದಿಕ್ಕಿನಲ್ಲೇ ಇಳಿಸಬೇಕು. ಒತ್ತಡ ಹಾಕುವವನು ಹೊಸಬ. ಬಲ್ಲವನ ಕೈಯಲ್ಲಿ ಕತ್ತಿ ತನ್ನ ಭಾರದಿಂದಲೇ ಹರಿಯುತ್ತದೆ. ಇಂಥ ಅಲಗಿಗೆ ಒಬ್ಬ ದೊರೆ ಕಣ್ಣು ಮುಚ್ಚಿ ಕೊರಳೊಡ್ಡುತ್ತಾನೆ. ಆಸ್ಥಾನದ ಇನ್ನಾರಿಗೂ ಅಷ್ಟು ಹತ್ತಿರದಲ್ಲಿ ಆಯುಧ ಹಿಡಿಯುವ ಅಧಿಕಾರವಿರಲಿಲ್ಲ.

ಆ ಅಲಗಿನ ಲೋಹದ ಕಥೆಯೂ ಕನ್ನಡಕ್ಕೆ ಹೊರತಲ್ಲ. 18ನೆಯ ಶತಮಾನದ ಕೊನೆಯಲ್ಲಿ ಡಾ. ಹೆಲೆನಸ್ ಸ್ಕಾಟ್ ಎಂಬಾತ ಮುಂಬಯಿಯಿಂದ ಲಂಡನ್ನಿಗೆ, ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸನಿಗೆ ಒಂದು ಬಗೆಯ ಉಕ್ಕಿನ ಗಟ್ಟಿಗಳನ್ನು ಕಳಿಸಿದನು. 1795ರಲ್ಲಿ ಜಾರ್ಜ್ ಪಿಯರ್ಸನ್ ಅದರ ಮೇಲೆ ಪ್ರಬಂಧ ಮಂಡಿಸಿದಾಗ ಅದನ್ನು ‘ವೂಟ್ಸ್’ ಎಂದು ಕರೆದನು. ಇದು ದ್ರಾವಿಡದ ‘ಉಕ್ಕು’ ಪದದ ವಿಕೃತ ರೂಪವೆಂಬುದು ವಿದ್ವಾಂಸರಲ್ಲಿ ಬಹುಮಟ್ಟಿಗೆ ಒಪ್ಪಿತ. ಲಂಡನ್ನಿನ ಜೇಮ್ಸ್ ಸ್ಟೊಡಾರ್ಟ್ ಎಂಬ ಕತ್ತಿ-ಚೂರಿಗಳ ಕುಶಲಕರ್ಮಿ ಈ ಉಕ್ಕಿನಿಂದ ಕ್ಷೌರದ ಕತ್ತಿಗಳನ್ನೂ ಶಸ್ತ್ರಚಿಕಿತ್ಸೆಯ ಉಪಕರಣಗಳನ್ನೂ ಮಾಡಿ, ಯೂರೋಪಿನ ಉಕ್ಕಿಗಿಂತ ಭಾರತದ್ದೇ ಮೇಲೆಂದು ತನ್ನ ಅಂಗಡಿಯ ಜಾಹೀರಾತಿನಲ್ಲಿ ಅಚ್ಚುಹಾಕಿಸಿದ್ದನು. ಮುಂದೆ ಮೈಕೆಲ್ ಫ್ಯಾರಡೆಯೂ ಸ್ಟೊಡಾರ್ಟನೊಡನೆ ಸೇರಿ ಈ ಉಕ್ಕಿನ ರಹಸ್ಯವನ್ನು ಶೋಧಿಸಿದನು. ಮೈಸೂರು ಸೀಮೆಯಲ್ಲಿ ಮೂಸೆಯಲ್ಲಿ ಉಕ್ಕು ಕರಗಿಸುತ್ತಿದ್ದುದನ್ನು 1800–1801ರಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ದಾಖಲಿಸಿದ್ದಾನೆ. ಅದೇ ಪ್ರವಾಸದಲ್ಲಿ ಅವನು ಹರಿಹರಕ್ಕೂ ಬಂದಿದ್ದನು. ಆದರೆ ಆ ಶತಮಾನದಲ್ಲಿ ವ್ಯಾಪಾರದ ದಿಕ್ಕು ಬದಲಾಯಿತು. ಇಂಗ್ಲೆಂಡಿನ ಶೆಫೀಲ್ಡ್, ಜರ್ಮನಿಯ ಜೋಲಿಂಗನ್ ಊರುಗಳ ಮುದ್ರೆಯ ಮಡಿಚುವ ಕತ್ತಿಗಳು ಇಲ್ಲಿನ ಹಡಪಗಳನ್ನು ಸೇರಿದವು, ಉಕ್ಕಿನ ಕುಲುಮೆಗಳು ಆರಿದವು.

ಈ ಕತ್ತಿಯನ್ನು ಒಲ್ಲೆನೆಂದ ಪರಂಪರೆಯೊಂದೂ ಕನ್ನಡನಾಡಿನಲ್ಲಿದೆ. ದಿಗಂಬರ ಮುನಿಗಳ 28 ಮೂಲಗುಣಗಳಲ್ಲಿ ಕೇಶಲೋಚ ಒಂದು. ಎರಡರಿಂದ ನಾಲ್ಕು ತಿಂಗಳೊಳಗೆ ತಲೆ, ಗಡ್ಡ, ಮೀಸೆಗಳನ್ನು ಕೈಯಿಂದಲೇ ಕಿತ್ತುಕೊಳ್ಳಬೇಕು. ಕತ್ತಿಯನ್ನು ಇಟ್ಟುಕೊಂಡರೆ ಪರಿಗ್ರಹ, ಕ್ಷೌರಿಕನನ್ನು ಬೇಡಿದರೆ ಪರಾವಲಂಬನೆ, ಜಡೆ ಬಿಟ್ಟರೆ ಹೇನಿನ ಹಿಂಸೆ. ಅದು ಸ್ವಂತ ಇಚ್ಛೆಯ ವ್ರತ. ಇದಕ್ಕೆ ವಿರುದ್ಧವಾಗಿ ವಿಧವೆಯ ತಲೆ ಬೋಳಿಸಿದ್ದು ಬಲಾತ್ಕಾರ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಓದಿದವರಿಗೆ ಆ ಕತ್ತಿಯ ತಣ್ಣನೆಯ ಸ್ಪರ್ಶವನ್ನು ವಿವರಿಸಬೇಕಿಲ್ಲ. ಕತ್ತಿ ಹಿಡಿದವನ ಮನಸ್ಸು ಆಗ ಏನೆಂದಿತೋ, ಸಾಹಿತ್ಯ ಆ ಕಡೆ ನೋಡಿದ್ದು ಕಡಿಮೆ.

ಕತ್ತಿ ನಿರಾಕರಣೆಯ ಸಾಧನವೂ ಆಯಿತು ಎಂಬುದನ್ನು ಮರೆಮಾಚುವಂತಿಲ್ಲ. ದೊರೆಯ ಕೊರಳು ಮುಟ್ಟಬಲ್ಲ ಕೆಲಸಿಯನ್ನು ಮಡಿವಂತರು ಸ್ನಾನಕ್ಕೆ ಮೊದಲು ಮಾತ್ರ ಮುಟ್ಟಿದರು. ಅದೇ ಕೆಲಸಿ ದಲಿತರ ತಲೆಗೆ ಕೈಯಿಡದಂತೆ ಊರು ಕಟ್ಟಳೆ ಹಾಕಿತು. ಕರ್ನಾಟಕದ ಹಳ್ಳಿಗಳಿಂದ ಅಂಥ ಸುದ್ದಿಗಳು ಇಂದಿಗೂ ಬರುತ್ತಿವೆ. ಊರಿನ ಬಲಿಷ್ಠರ ಅಂಜಿಕೆಯಿಂದ ಅಂಗಡಿಯ ಬಾಗಿಲು ಹಾಕಿದವನೂ, ಬಾಗಿಲಲ್ಲಿ ನಿಂತು ಹಿಂದಿರುಗಿದವನೂ ಇಬ್ಬರೂ ಅವಮಾನಿತರೇ. ಆದರೆ ಅವಮಾನದ ತೂಕ ಸಮನಲ್ಲ.

1904ರಲ್ಲಿ ಜಿಲೆಟ್ ಪೇಟೆಂಟ್ ಪಡೆದ ಬಿಸಾಡುವ ಬ್ಲೇಡು ಮೊದಲು ಮನೆಗಳನ್ನೂ, ಏಡ್ಸ್ ರೋಗದ ಭಯ ಹರಡಿದ ಮೇಲೆ ಅಂಗಡಿಗಳನ್ನೂ ಹೊಕ್ಕಿತು. ದಾವಣಗೆರೆಯ ಸರಸ್ವತಿ ನಗರದಂಥ ಬಡಾವಣೆಯ ಕಟಿಂಗ್ ಷಾಪಿನಲ್ಲಿ ಈಗ ಕಾಣುವುದು ಅರ್ಧ ಬ್ಲೇಡು ಸಿಕ್ಕಿಸುವ ಹಿಡಿ. ಅದಕ್ಕೆ ಸಾಣೆ ಬೇಡ. ಇತ್ತ ನಗರಗಳ ಹವ್ಯಾಸಿಗಳು ಹಳೆಯ ಶೆಫೀಲ್ಡ್ ಕತ್ತಿಗಳನ್ನು ಹುಡುಕಿ ಕೊಳ್ಳುತ್ತಿದ್ದಾರೆ. ಅವರು ಮೊದಲು ನೋಡಬೇಕಾದದ್ದು ಬೆನ್ನು ಸವೆದಿದೆಯೇ, ಅಲಗಿನಲ್ಲಿ ಬಿರುಕಿದೆಯೇ ಎಂಬುದನ್ನು. ಮೇಲಿನ ತುಕ್ಕು ಹೋಗುತ್ತದೆ, ಬಿರುಕು ಹೋಗದು. ಸಣ್ಣ ಹಲ್ಲು ಬಿದ್ದಿದ್ದರೆ ಒರಟು ಕಲ್ಲಿನಲ್ಲಿ ಅಲಗನ್ನು ಹಿಂದಕ್ಕೆ ತಂದು, ಬರಬರುತ್ತ ನಯವಾದ ಕಲ್ಲುಗಳಿಗೆ ದಾಟಬೇಕು. ಇದನ್ನೆಲ್ಲ ಪುಸ್ತಕದಿಂದ ಕಲಿಯಲು ಹೊರಟವರು, ತಮ್ಮ ಬೀದಿಯ ಅಂಗಡಿಯಲ್ಲಿ ಕುಳಿತಿರುವ ಹಿರಿಯ ಕೆಲಸಿಯನ್ನು ಒಮ್ಮೆ ಕೇಳುವುದು ಲೇಸು; ಅವರ ಹಡಪದ ತಳದಲ್ಲಿ, ನಡುವೆ ಸವೆದು ಹಳ್ಳವಾದ ಸಾಣೆಕಲ್ಲು ಇನ್ನೂ ಇದ್ದೀತು.