ಮುಂದ ಕುಂತವರು, ಹಿಂದ ಕುಂತವರು: ಸೀಟ್ ಬೆಲ್ಟ್ ಕಾನೂನು ನಡೆದು ಬಂದ ದಾರಿ

ಸೊಲ್ಲಾಪುರದಿಂದ ಬರುವ ಹೆದ್ದಾರಿ ಧೂಳಖೇಡದಲ್ಲಿ ಭೀಮಾ ಹೊಳೆ ದಾಟಿ ನಮ್ಮ ವಿಜಯಪುರ ಜಿಲ್ಲೆಗೆ ಬರುತ್ತದೆ. ಝಳಕಿ ಕ್ರಾಸ್ ಸಮೀಪಿಸಿ ದೂರದಲ್ಲಿ ಖಾಕಿ ಕಂಡರೆ ಬಾಡಿಗೆ ಗಾಡಿಯ ಚಾಲಕ ಹೇಳುವುದು ಒಂದೇ ಮಾತು: "ಮುಂದ ಕುಂತವರು ಬೆಲ್ಟ್ ಹಾಕ್ಕೋರಿ, ಸಾಹೇಬ್ರು ನಿಂತಾರ." ಮುಂದೆ ಕುಳಿತವರು ಪಟ್ಟಿ ಎಳೆದು, ಕೊಂಡಿಗೆ ಸಿಕ್ಕಿಸದೆ ಸೊಂಟದ ಹತ್ತಿರ ಕೈಯಲ್ಲೇ ಹಿಡಿದುಕೊಳ್ಳುತ್ತಾರೆ. ಪೊಲೀಸರು ಹಿಂದಾದ ಮೇಲೆ ಕೈ ಬಿಟ್ಟರೆ ಪಟ್ಟಿ ಸರ್ರನೆ ತನ್ನ ಗೂಡಿಗೆ ಸೇರುತ್ತದೆ. ಹಿಂದೆ ಕುಳಿತವರನ್ನು ಯಾರೂ ಕೇಳುವುದಿಲ್ಲ.

ಆ ಚಾಲಕನ ತಪ್ಪು ಇದರಲ್ಲಿ ಕಡಿಮೆ. ಐವತ್ತಕ್ಕೂ ಹೆಚ್ಚು ವರ್ಷಗಳಿಂದ ಈ ಕಾನೂನು ಬೆಳೆದದ್ದೇ ಹಾಗೆ, ಮುಂದಿನ ಸೀಟಿನಿಂದ ಶುರುವಾಗಿ ಹಿಂದಕ್ಕೆ, ಬಹಳ ನಿಧಾನವಾಗಿ.

ಭುಜದಿಂದ ಎದೆಯ ಮೇಲೆ ಹಾದು ಸೊಂಟವನ್ನು ಬಿಗಿಯುವ ಮೂರು ಬಿಂದುವಿನ ಬೆಲ್ಟನ್ನು 1959ರಲ್ಲಿ ಸ್ವೀಡನ್ನಿನ ವೋಲ್ವೊ ಕಂಪನಿಯಲ್ಲಿದ್ದ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದರು. ಕಂಪನಿ ಆ ಪೇಟೆಂಟನ್ನು ಉಳಿದ ತಯಾರಕರೂ ಬಳಸಲೆಂದು ಬಿಟ್ಟುಕೊಟ್ಟಿತು. ಆದರೆ ಬೆಲ್ಟ್ ಇದ್ದ ಮಾತ್ರಕ್ಕೆ ಜನ ಕಟ್ಟಿಕೊಳ್ಳಲಿಲ್ಲ. 1970ರ ಕೊನೆಗೆ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ ಅದನ್ನು ಕಡ್ಡಾಯ ಮಾಡಿತು. ಬ್ರಿಟನ್ನಿನಲ್ಲಿ ಮುಂದಿನ ಸೀಟಿನವರಿಗೆ ಕಡ್ಡಾಯವಾಗಲು 1983ರ ಜನವರಿ ಬರಬೇಕಾಯಿತು.

ನಮ್ಮಲ್ಲಿ ಇದರ ಬೇರು ಇರುವುದು 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಮತ್ತು ಅದರಡಿ 1989ರಲ್ಲಿ ಬಂದ ಕೇಂದ್ರ ನಿಯಮಗಳಲ್ಲಿ. ಗಾಡಿಗೆ ಬೆಲ್ಟ್ ಅಳವಡಿಸುವುದು ತಯಾರಕರ ಹೊಣೆ ಎನ್ನುವುದು 125ನೇ ನಿಯಮ, ಅದನ್ನು ಕಟ್ಟಿಕೊಳ್ಳಬೇಕು ಎನ್ನುವುದು 138ನೇ ನಿಯಮ. ಈ 138ರಲ್ಲಿ ಚಾಲಕ, ಮುಂದಿನ ಸೀಟಿನವರು, ಮುಂದಕ್ಕೆ ಮುಖ ಮಾಡಿದ ಹಿಂದಿನ ಸೀಟಿನವರು ಎಲ್ಲರೂ ಬರುತ್ತಾರೆ. ಕಾಗದದ ಮೇಲೆ ಇದು ಬಂದು ಬಹಳ ವರ್ಷಗಳಾದವು. ತಪ್ಪಿದರೆ ಬೀಳುತ್ತಿದ್ದದ್ದು 177ನೇ ಕಲಮಿನಡಿ ಮೊದಲ ಸಲಕ್ಕೆ 100 ರೂಪಾಯಿವರೆಗಿನ ದಂಡ, ಮತ್ತೆ ತಪ್ಪಿದರೆ 300 ರೂಪಾಯಿವರೆಗೆ. ಹಿಂದಿನ ಸೀಟಿಗೂ ಇದು ಅನ್ವಯಿಸುತ್ತದೆ ಎಂಬುದು ನಮ್ಮ ಕಡೆ ತಿಳಿದಿದ್ದವರೇ ಕಡಿಮೆ.

2019ರಲ್ಲಿ ಕಾಯ್ದೆ ತಿದ್ದುಪಡಿಯಾಗಿ ಸೀಟ್ ಬೆಲ್ಟಿಗೇ ಬೇರೆ ಕಲಮು ಬಂತು: 194ಬಿ. ಬೆಲ್ಟ್ ಹಾಕದಿದ್ದರೆ 1,000 ರೂಪಾಯಿ. 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಮಕ್ಕಳ ಸುರಕ್ಷಾ ಆಸನ ಇಲ್ಲದೆ ಗಾಡಿ ಓಡಿಸಿದರೂ ಅಷ್ಟೇ. ಸೆಪ್ಟೆಂಬರ್ 1ರಿಂದ ಇದು ಜಾರಿಗೆ ಬಂತು. ಜನರ ಸಿಟ್ಟು ಎಷ್ಟಿತ್ತೆಂದರೆ ಅದೇ ತಿಂಗಳೊಳಗೆ ಕರ್ನಾಟಕ ಸರ್ಕಾರ ಹಲವು ದಂಡಗಳನ್ನು ಇಳಿಸಿತು. ಸೀಟ್ ಬೆಲ್ಟಿನದು 500ಕ್ಕೆ ಬಂತು. ದಿನಗೂಲಿಯ ಲೆಕ್ಕದಲ್ಲಿ ಬದುಕುವ ಚಾಲಕನಿಗೆ ಸಾವಿರ ರೂಪಾಯಿ ಸಣ್ಣ ಮೊತ್ತವಲ್ಲ, ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಆ ಚರ್ಚೆಯೆಲ್ಲ ರೂಪಾಯಿಯ ಸುತ್ತಲೇ ನಡೆಯಿತು. ಬೆಲ್ಟ್ ಏನು ಮಾಡುತ್ತದೆ ಎಂಬ ಮಾತು ಎಲ್ಲೋ ಕಳೆದುಹೋಯಿತು.

2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಹತ್ತಿರ ಸೂರ್ಯಾ ನದಿಯ ಸೇತುವೆಗೆ ಕಾರು ಬಡಿದು ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡರು. ಅವರು ಕುಳಿತಿದ್ದದ್ದು ಹಿಂದಿನ ಸೀಟಿನಲ್ಲಿ, ಬೆಲ್ಟ್ ಹಾಕಿರಲಿಲ್ಲ. ಅಷ್ಟು ದುಬಾರಿ ಕಾರು ಕೂಡ ಅವರನ್ನು ಉಳಿಸಲಿಲ್ಲ. ಆಗ ದೇಶದ ಕಣ್ಣು ಹಿಂದಿನ ಸೀಟಿನತ್ತ ಹೊರಳಿತು. ಮುಂದಿನ ತಿಂಗಳೇ ಕರ್ನಾಟಕ ಪೊಲೀಸರು ಕಾರಿನಲ್ಲಿರುವ ಎಲ್ಲರಿಗೂ ಬೆಲ್ಟ್ ಕಡ್ಡಾಯ, ತಪ್ಪಿದರೆ 1,000 ರೂಪಾಯಿ ಎಂದು ಆದೇಶಿಸಿದರು. ಹಳೆಯ ನಿಯಮವೇ ಹೊಸ ಸುದ್ದಿಯಂತೆ ಊರೂರಿಗೆ ಮುಟ್ಟಿತು.

ಬೆಲ್ಟಿನ ಕೆಲಸವನ್ನು ನಮ್ಮೂರಿನ ಅಳತೆಯಲ್ಲೇ ಹೇಳಬಹುದು. ಗೋಲಗುಂಬಜದ ಒಳಗೆ, ಪಿಸುಮಾತು ಕೇಳಲೆಂದು ನಾವೆಲ್ಲ ಹತ್ತುವ ಆ ಗ್ಯಾಲರಿ ನೆಲದಿಂದ ಸುಮಾರು 110 ಅಡಿ ಎತ್ತರದಲ್ಲಿದೆ. ಅಲ್ಲಿಂದ ಕೆಳಗೆ ಬಿದ್ದವರು ನೆಲ ಮುಟ್ಟುವ ಹೊತ್ತಿಗೆ ಅವರ ವೇಗ ಗಂಟೆಗೆ 90 ಕಿಲೋಮೀಟರ್ ದಾಟಿರುತ್ತದೆ. ಸಿಂದಗಿಯಿಂದ ವಿಜಯಪುರದ ದಾರಿಯಲ್ಲಿ, ಇಲ್ಲವೇ ನಿಡಗುಂದಿ ಹತ್ತಿರದ ಹೆದ್ದಾರಿಯಲ್ಲಿ, ಕಾರು ಓಡುವುದೂ ಹೆಚ್ಚುಕಡಿಮೆ ಅದೇ ವೇಗದಲ್ಲಿ. ರಾತ್ರಿ ಹೊತ್ತು ಹಿಂದೆ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರಿಗೆ ಗುದ್ದಿದರೆ ಕಾರು ಒಮ್ಮೆಲೆ ನಿಲ್ಲುತ್ತದೆ, ಒಳಗಿನ ಮೈ ಮಾತ್ರ ಅದೇ ವೇಗದಲ್ಲಿ ಮುಂದೆ ಹೋಗುತ್ತದೆ. ಮುಂದಿದ್ದವರು ಗಾಜಿಗೆ ಬಡಿದರೆ ಹಿಂದಿದ್ದವರು ಮುಂದಿನವರ ಬೆನ್ನಿಗೆ ಬಡಿಯುತ್ತಾರೆ. ಬೆಲ್ಟ್ ಆ ಪೆಟ್ಟನ್ನು ಎದೆಯ ಗೂಡಿಗೂ ಸೊಂಟದ ಎಲುಬಿಗೂ ಹಂಚಿ, ಮೈ ನಿಲ್ಲಲು ಒಂದಿಷ್ಟು ಸಮಯ ಕೊಡುತ್ತದೆ. ಏರ್‌ಬ್ಯಾಗ್ ಇರುವುದು ಬೆಲ್ಟಿಗೆ ಜೊತೆಯಾಗಿಯೇ ಹೊರತು ಅದರ ಬದಲಿಗೆ ಅಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ 2022ರಲ್ಲಿ ಬೆಲ್ಟ್ ಹಾಕದೆ ಸತ್ತವರು 16,715 ಜನ. ಅವರಲ್ಲಿ 8,384 ಮಂದಿ ಚಾಲಕರು, 8,331 ಮಂದಿ ಪ್ರಯಾಣಿಕರು. ಪ್ರಯಾಣಿಕರ ಸಂಖ್ಯೆ ಚಾಲಕರದಕ್ಕೆ ಹೆಚ್ಚುಕಡಿಮೆ ಸರಿಸಮ ಎಂಬುದನ್ನು ಓದಿದಾಗೆಲ್ಲ ನನಗೆ ಝಳಕಿಯ ಆ ಮಾತು ನೆನಪಾಗುತ್ತದೆ.

ಪೊಲೀಸರ ಕಣ್ಣಿನ ಜೊತೆಗೆ ಯಂತ್ರವೂ ಬಂದಿದೆ. 2019ರ ಜುಲೈ 1ರಿಂದ ಹೊಸ ಕಾರುಗಳಲ್ಲಿ ಮುಂದಿನ ಸೀಟಿನವರು ಬೆಲ್ಟ್ ಹಾಕದಿದ್ದರೆ ಕೂಗುವ ಎಚ್ಚರಿಕೆ ಗಂಟೆ ಕಡ್ಡಾಯವಾಯಿತು. ಅದರ ಬಾಯಿ ಮುಚ್ಚಿಸಲು ಸುಳ್ಳು ಕೊಂಡಿಗಳೂ ಮಾರುಕಟ್ಟೆಗೆ ಬಂದವು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರಲ್ಲಿ ಐದು ಆನ್‌ಲೈನ್ ಮಾರಾಟ ತಾಣಗಳ ಮೇಲೆ ಆದೇಶ ಹೊರಡಿಸಿ ಇಂಥ 13,118 ಮಾರಾಟ ಪುಟಗಳನ್ನು ತೆಗೆಸಿತು. ಅದೇ ವರ್ಷ ಫೆಬ್ರುವರಿಯಲ್ಲಿ ರಾಜ್ಯದಲ್ಲಿ ಬಾಕಿ ಸಂಚಾರ ದಂಡಕ್ಕೆ ಶೇ 50 ರಿಯಾಯಿತಿ ಕೊಟ್ಟಾಗ ಕಟ್ಟಲು ಜನ ಸಾಲುಗಟ್ಟಿದರು. ಬಾಕಿ ವಸೂಲಾಯಿತು, ಸರಿ. ಆದರೆ ಮುಂದೊಂದು ದಿನ ಅರ್ಧಕ್ಕೆ ಇಳಿಯುತ್ತದೆ ಎಂದು ಗೊತ್ತಿರುವ ದಂಡಕ್ಕೆ ಅಂಜುವವರು ಕಡಿಮೆಯಾಗುತ್ತಾರೆ ಎಂದೇ ನನ್ನ ಅನಿಸಿಕೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಮದುವೆಗೆ, ಪಂಢರಪುರಕ್ಕೆ, ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗುವುದು ಕ್ರೂಸರಿನಲ್ಲಿ. ಅದರ ಹಿಂಭಾಗದಲ್ಲಿ ಎದುರುಬದುರು ಹಾಕಿದ ಅಡ್ಡ ಸೀಟುಗಳಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುತ್ತೇವೆ. ನಡುವೆ ಬುತ್ತಿ ಗಂಟು, ತೊಡೆಯ ಮೇಲೆ ಮಗು. ಇವು ಮುಂದಕ್ಕೆ ಮುಖ ಮಾಡಿದ ಸೀಟುಗಳಲ್ಲ, ಹಾಗಾಗಿ 138ರ ಮಾತಿನೊಳಗೆ ಬರುವುದೇ ಇಲ್ಲ. ಹೆಚ್ಚುವರಿ ಪ್ರಯಾಣಿಕರಿಗೆ ತಲೆಗೆ 200 ರೂಪಾಯಿ ದಂಡ 194ಎ ಕಲಮಿನಲ್ಲಿದೆ, ಆದರೆ ಅದು ತಲೆ ಎಣಿಸುತ್ತದೆಯೇ ಹೊರತು ಆ ತಲೆಗಳನ್ನು ಹಿಡಿದು ನಿಲ್ಲಿಸುವುದಿಲ್ಲ. ಕಾನೂನು ಇನ್ನು ಹಿಂದಕ್ಕೆ ಸರಿಯಬೇಕಾದ ಜಾಗ ಈ ಅಡ್ಡ ಸೀಟು.

ಅಷ್ಟರೊಳಗೆ ಮಾಡಬಹುದಾದ ಕೆಲಸವೂ ಇದೆ. ಹೋದ ಸಲ ಬಾಡಿಗೆ ಕಾರಿನಲ್ಲಿ ಹಿಂದೆ ಕುಳಿತು ಬೆಲ್ಟ್ ಎಳೆದೆ, ಕೊಂಡಿ ಸಿಗಲಿಲ್ಲ. ಹೊಸ ಸೀಟ್ ಕವರ್ ಹೊಲಿಸಿದಾಗ ಅದು ಅಡಿಗೆ ಹೋಗಿತ್ತು. ಚಾಲಕ ಗಾಡಿಯನ್ನು ಬದಿಗೆ ನಿಲ್ಲಿಸಿ, ಕವರಿನ ಅಂಚು ಎತ್ತಿ, ಕೈ ತೂರಿಸಿ ಮೂರೂ ಕೊಂಡಿಗಳನ್ನು ಮೇಲಕ್ಕೆ ಎಳೆದ. ಮೂರೇ ನಿಮಿಷ ಹಿಡಿಯಿತು. "ಯಾರೂ ಕೇಳಿದ್ದಿಲ್ಲ ನೋಡ್ರಿ" ಅಂದ.