ಪದ್ಮಿನಿಯ ಉಸಿರುಗೊಳವೆ

ಹಳೆಯ ಫಿಯೆಟ್ ಕೊಳ್ಳಲು ಹೊರಟವರು ಜೊತೆಗೆ ಅನುಭವಸ್ಥ ಮಿಸ್ತ್ರಿಯನ್ನು ಕರೆದೊಯ್ದರೆ ಆತ ಬಣ್ಣ, ತುಕ್ಕು, ಸೀಟು ಯಾವುದನ್ನೂ ಮೊದಲು ನೋಡುವುದಿಲ್ಲ. ಎಂಜಿನ್ ಚಾಲೂ ಇರುವಾಗಲೇ ಆಯಿಲ್ ಹಾಕುವ ಮುಚ್ಚಳ ತೆಗೆದು, ಆ ಬಾಯಿಗೆ ಅಂಗೈ ಅಡ್ಡ ಹಿಡಿಯುತ್ತಾನೆ. ಬೆಚ್ಚನೆಯ ಗಾಳಿ ಸಣ್ಣಗೆ ತಾಗಿದರೆ ಚಿಂತೆಯಿಲ್ಲ. ಭುಸ್ ಭುಸ್ ಎಂದು ಹೊಗೆ ನುಗ್ಗಿ ಅಂಗೈಗೆ ಎಣ್ಣೆಯ ಹನಿ ಮೆತ್ತಿಕೊಂಡರೆ, ವ್ಯಾಪಾರದ ಮಾತು ಬೇರೆ ಬೆಲೆಯಿಂದ ಶುರುವಾಗುತ್ತದೆ. ಕಿಲೋಮೀಟರ್ ಲೆಕ್ಕ ನೋಡುವುದು ಆಮೇಲೆ.

ಆ ಹೊಗೆ ಎಲ್ಲಿಂದ ಬರುತ್ತದೆ? ಸಿಲಿಂಡರಿನಲ್ಲಿ ಪೆಟ್ರೋಲು ಉರಿದಾಗ ಹುಟ್ಟುವ ಒತ್ತಡವೆಲ್ಲ ಪಿಸ್ಟನ್ನನ್ನು ಕೆಳಗೆ ತಳ್ಳುವುದಕ್ಕೇ ಖರ್ಚಾಗುವುದಿಲ್ಲ. ಸ್ವಲ್ಪ ಅನಿಲ ಪಿಸ್ಟನ್ ರಿಂಗುಗಳ ಸಂದಿಯಿಂದ ನುಸುಳಿ, ಕ್ರ್ಯಾಂಕ್ ತಿರುಗುವ ಕೆಳಗಿನ ಗೂಡಿಗೆ ಇಳಿಯುತ್ತದೆ. ಅದರಲ್ಲಿ ಉರಿಯದ ಪೆಟ್ರೋಲು, ನೀರಿನ ಆವಿ, ಮಸಿ ಎಲ್ಲವೂ ಇರುತ್ತವೆ. ಹೊರಹೋಗಲು ದಾರಿ ಕೊಡದಿದ್ದರೆ ಆಯಿಲ್ ಕೆಡುತ್ತದೆ, ಗ್ಯಾಸ್ಕೆಟ್ಟು, ಸೀಲುಗಳ ಅಂಚಿನಿಂದ ಎಣ್ಣೆ ಜಿನುಗುತ್ತದೆ. ಹೊಸ ಎಂಜಿನ್ನಿನಲ್ಲೂ ಇದು ಇದ್ದದ್ದೇ. ರಿಂಗು, ಬೋರು ಸವೆದಂತೆ ಹೆಚ್ಚುತ್ತ ಹೋಗುತ್ತದೆ. ಕ್ರ್ಯಾಂಕ್‌ಕೇಸ್ ವೆಂಟಿಲೇಶನ್ ಎಂಬುದು ಪುಸ್ತಕದ ಮಾತು. ಗ್ಯಾರೇಜಿನಲ್ಲಿ ಅದು ಬ್ರೀದರ್ ಪೈಪು.

ಮೊದಮೊದಲು ಈ ಪೈಪನ್ನು ಎಂಜಿನ್ ಪಕ್ಕದಿಂದ ನೆಲದ ಕಡೆಗೆ ಇಳಿಬಿಡುತ್ತಿದ್ದರು. ಗಾಡಿ ಓಡುವಾಗ ಕೆಳಗೆ ಬೀಸುವ ಗಾಳಿಯೇ ಹೊಗೆಯನ್ನು ಹೀರಿಕೊಳ್ಳುತ್ತಿತ್ತು. ನಿಂತಲ್ಲೇ ನಿಂತ ಗಾಡಿಗೆ ಇದರಿಂದ ಹೆಚ್ಚು ಉಪಯೋಗವಿಲ್ಲ. ಎರಡನೇ ಮಹಾಯುದ್ಧದಲ್ಲಿ ಹೊಳೆ, ಹಳ್ಳ ದಾಟಬೇಕಾದ ಸೇನಾ ವಾಹನಗಳಿಗೆ ಇನ್ನೊಂದು ತೊಂದರೆಯಿತ್ತು: ಪೈಪಿನ ಬಾಯಿ ಮುಳುಗಿದರೆ ಎಂಜಿನ್ನಿನೊಳಗೆ ನೀರು. ಅದಕ್ಕೆ ಪೈಪನ್ನು ಎಂಜಿನ್ನು ಗಾಳಿ ಹೀರುವ ಕಡೆಗೇ ತಿರುಗಿಸಿ, ಹೊಗೆ ಮತ್ತೊಮ್ಮೆ ಉರಿದುಹೋಗುವಂತೆ ಮಾಡಿದರು. ನೀರಿಗಾಗಿ ಹುಡುಕಿದ ಈ ಉಪಾಯ ಗಾಳಿಗಾಗಿ ಮರಳಿ ಬಂದದ್ದು ಕ್ಯಾಲಿಫೋರ್ನಿಯಾದಲ್ಲಿ. ಲಾಸ್ ಏಂಜಲೀಸಿನ ಕಣ್ಣುರಿಸುವ ಮಬ್ಬಿಗೆ ಕಾರುಗಳೇ ಮುಖ್ಯ ಕಾರಣ ಎಂದು ರಸಾಯನ ವಿಜ್ಞಾನಿ ಹಾಗೆನ್-ಸ್ಮಿತ್ 1950ರ ದಶಕದಲ್ಲಿ ತೋರಿಸಿಕೊಟ್ಟಿದ್ದರು. ಕಾರಿನ ಮಾಲಿನ್ಯದ ಒಂದು ಪಾಲು ಹೊರಬೀಳುವುದು ಸೈಲೆನ್ಸರಿನಿಂದಲ್ಲ, ಬ್ರೀದರಿನಿಂದ ಎಂಬುದು ಗೊತ್ತಾಗಿ, 1961ರ ಮಾದರಿಯಿಂದ ಅಲ್ಲಿನ ಹೊಸ ಕಾರುಗಳಿಗೆ ಈ ವ್ಯವಸ್ಥೆ ಬಂತು. ಎರಡು ವರ್ಷದಲ್ಲಿ ಅದು ಅಮೆರಿಕದಾದ್ಯಂತ ಹಬ್ಬಿತು.

ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿ ಫಿಯೆಟ್ 1100 ಡಿಲೈಟ್ ಕಾರನ್ನು ಹೊರತಂದದ್ದು 1964ರಲ್ಲಿ. ಈ ಕಂಪನಿಯ ಹುಟ್ಟಿಗೆ ಕನ್ನಡಿಗರಿಗೆ ಪರಿಚಿತವಾದ ಒಂದು ಕೊಂಡಿಯಿದೆ. 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಮೋಟಾರು ಕಾರ್ಖಾನೆಯ ಯೋಜನೆ ಹಿಡಿದು ಯೂರೋಪು, ಅಮೆರಿಕ ಸುತ್ತಿದ್ದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರ ಜೊತೆಗೂಡಿದ್ದರು. ಮೈಸೂರು ಸಂಸ್ಥಾನದಲ್ಲಿ ಕಾರ್ಖಾನೆ ತೆರೆಯುವ ಪ್ರಯತ್ನ ಬ್ರಿಟಿಷರ ಅಡ್ಡಗಾಲಿನಿಂದ ಕೈಗೂಡಲಿಲ್ಲ. ವಾಲ್‌ಚಂದರ ವಿಮಾನ ಕಾರ್ಖಾನೆ 1940ರಲ್ಲಿ ಬೆಂಗಳೂರಿಗೆ ಬಂತು, 1944ರಲ್ಲಿ ಸ್ಥಾಪನೆಯಾದ ಕಾರಿನ ಕಂಪನಿ ಕುರ್ಲಾದಲ್ಲಿ ನೆಲೆಯೂರಿತು. ಡಿಲೈಟ್ ಕಾರು 1973ರಲ್ಲಿ ಪ್ರೆಸಿಡೆಂಟ್ ಆಯಿತು, ಮರುವರ್ಷ ಚಿತ್ತೋಡದ ರಾಣಿಯ ಹೆಸರು ಹೊತ್ತು ಪದ್ಮಿನಿ ಆಯಿತು. ಹೆಸರು ಬದಲಾಯಿತೇ ಹೊರತು ಬಾನೆಟ್ಟಿನ ಕೆಳಗಿನ 1089 ಸಿಸಿ ಎಂಜಿನ್ ಹೆಚ್ಚೇನೂ ಬದಲಾಗಲಿಲ್ಲ. ಸ್ಪರ್ಧೆಯಿಲ್ಲದ ಕಾಲ, ಬದಲಾಯಿಸುವ ಗರಜೂ ಇರಲಿಲ್ಲ.

ಮನೆಯ ಕಾರಿಗೆ ಭಾನುವಾರದ ವಿಶ್ರಾಂತಿಯಾದರೂ ಇತ್ತು. ಕಪ್ಪು-ಹಳದಿ ಟ್ಯಾಕ್ಸಿಯಾದ ಪದ್ಮಿನಿಗೆ ಅದೂ ಇರಲಿಲ್ಲ. ಹಗಲಿಗೊಬ್ಬ, ರಾತ್ರಿಗೊಬ್ಬ ಚಾಲಕ. ದಾದರಿನ ಸಿಗ್ನಲ್ಲು, ಮಾಹಿಮಿನ ದಟ್ಟಣೆ, ಸಿಎಸ್‌ಟಿಯ ಹೊರಗೆ ಸರತಿ. ಇಂಥ ಎಂಜಿನ್ನಿನ ರಿಂಗು ಬೇಗ ಸವೆಯುತ್ತದೆ, ಬ್ರೀದರಿನ ಹೊಗೆ ಏರುತ್ತದೆ. ಪೈಪು ಏರ್ ಫಿಲ್ಟರಿಗೆ ಜೋಡಿಸಿದ್ದರೆ ಎಣ್ಣೆಯ ಆವಿ ಫಿಲ್ಟರನ್ನು ತೋಯಿಸಿ, ಕಾರ್ಬ್ಯುರೇಟರಿನ ಸಣ್ಣ ರಂಧ್ರಗಳನ್ನು ಕಟ್ಟಿ, ಐಡ್ಲಿಂಗ್ ಹದಗೆಡಿಸುತ್ತದೆ. ರಿಂಗು ಬದಲಿಸಿ ಬೋರ್ ಮಾಡಿಸುವುದು ಸರಿಯಾದ ಮದ್ದು. ಆದರೆ ಅಷ್ಟು ದಿನ ಗಾಡಿ ನಿಂತರೆ ಎರಡು ಮನೆಯ ಒಲೆ ತಣ್ಣಗಾಗುತ್ತದೆ. ಇನ್ನೊಂದು ಮದ್ದು ಐದು ನಿಮಿಷದ್ದು: ಪೈಪನ್ನು ಫಿಲ್ಟರಿನಿಂದ ಕಿತ್ತು ನೆಲದತ್ತ ಇಳಿಬಿಡುವುದು, ಫಿಲ್ಟರಿನ ತೂತಿಗೆ ಒಂದು ಬಿರಡೆ ತುರುಕುವುದು. ಅಮೆರಿಕದವರು ನೆಲದಿಂದ ಮೇಲೆತ್ತಿದ ಪೈಪು ಹೀಗೆ ಗ್ಯಾರೇಜುಗಳಲ್ಲಿ ಮತ್ತೆ ನೆಲ ನೋಡಿತು. ಜುಲೈ ತಿಂಗಳಲ್ಲಿ ಹಿಂದಮಾತಾದ ಬಳಿ ಮೊಣಕಾಲುದ್ದ ನೀರು ನಿಂತಾಗ ಅದರ ಬಾಯಿ ಎಲ್ಲಿರುತ್ತದೆ ಎಂಬುದು ಬೇರೆ ಮಾತು.

ಇದನ್ನು ಮೋಸ ಎಂದುಬಿಡುವುದು ಸುಲಭ. ಆದರೆ ಮಾಲಿನ್ಯ ತಪಾಸಣೆ ನಡೆಯುತ್ತಿದ್ದ ರೀತಿಯೂ ಅದಕ್ಕೆ ಅನುಕೂಲವಾಗಿಯೇ ಇತ್ತು. ಪಿಯುಸಿ ಯಂತ್ರದ ಸಲಾಕೆ ಹೋಗುವುದು ಸೈಲೆನ್ಸರಿನ ಕೊಳವೆಯೊಳಗೆ. ಬ್ರೀದರ್ ಸರಿಯಾಗಿ ಜೋಡಿಸಿದ ಹಳೆಯ ಗಾಡಿ ತನ್ನ ಹೊಗೆಯನ್ನೆಲ್ಲ ಅದೇ ಕೊಳವೆಯಿಂದ ಬಿಟ್ಟು ಸಿಕ್ಕಿಬೀಳಬಹುದು. ಪೈಪು ಕಿತ್ತ ಗಾಡಿ ಅದರ ಒಂದಂಶವನ್ನು ಯಂತ್ರಕ್ಕೆ ಕಾಣದ ಜಾಗದಲ್ಲಿ ಬಿಟ್ಟು ಪಾರಾಗಬಹುದು. ಎರಡು ಬಾಯಿಯ ಎಂಜಿನ್ನಿಗೆ ಒಂದೇ ಬಾಯಿಯ ಪರೀಕ್ಷೆ.

1999ರಲ್ಲಿ ಸ್ಮೋಕ್ ಅಫೆಕ್ಟೆಡ್ ರೆಸಿಡೆಂಟ್ಸ್ ಫೋರಂ ಎಂಬ ನಾಗರಿಕರ ಕೂಟ ಬಾಂಬೆ ಹೈಕೋರ್ಟಿನ ಮೆಟ್ಟಿಲೇರಿತು. ಆ ಮೊಕದ್ದಮೆಯ ಆದೇಶಗಳಂತೆ 15 ವರ್ಷ ಮೀರಿದ ಟ್ಯಾಕ್ಸಿಗಳು ಸಿಎನ್‌ಜಿಯಂಥ ಶುದ್ಧ ಇಂಧನಕ್ಕೆ ಬದಲಾಗಬೇಕಾಯಿತು, ಇಲ್ಲವೇ ರಸ್ತೆ ಬಿಡಬೇಕಾಯಿತು. ಪದ್ಮಿನಿಯ ಡಿಕ್ಕಿಯಲ್ಲಿ ಸಿಲಿಂಡರ್ ಕೂತಿತು, ಪ್ರಯಾಣಿಕರ ಪೆಟ್ಟಿಗೆ ಛಾವಣಿಯ ಕ್ಯಾರಿಯರ್ ಏರಿತು. ನಗರದ ಗಾಳಿಗೆ ಇದರಿಂದ ಒಳ್ಳೆಯದಾಯಿತು ಎನ್ನುವುದರಲ್ಲಿ ಸಂಶಯವಿಲ್ಲ. ಆದರೆ ಇಂಧನ ಬದಲಾದರೆ ಸವೆದ ರಿಂಗು ಹೊಸದಾಗುವುದಿಲ್ಲ. ಅದೇ ಹಳೆಯ ಬೋರಿನಲ್ಲಿ ಅದೇ ಪಿಸ್ಟನ್ನು ಓಡುತ್ತಲೇ ಇತ್ತು, ಬ್ರೀದರು ಎಣ್ಣೆ ಉಗುಳುತ್ತಲೇ ಇತ್ತು.

ಆಮೇಲಿನ ಕಾನೂನು ವರ್ಷ ಎಣಿಸಿತು. 2008ರಲ್ಲಿ ಟ್ಯಾಕ್ಸಿಯ ಆಯುಸ್ಸಿಗೆ 25 ವರ್ಷದ ಮಿತಿ ಬಂತು, 2013ರಲ್ಲಿ ಅದು 20ಕ್ಕೆ ಇಳಿಯಿತು. ಎಣಿಸಲು ವರ್ಷದಷ್ಟು ಸುಲಭವಾದದ್ದು ಬೇರಿಲ್ಲ; ಸಾವಿರಾರು ಟ್ಯಾಕ್ಸಿಗಳ ಆಯಿಲ್ ಮುಚ್ಚಳ ತೆಗೆದು ಅಂಗೈ ಹಿಡಿಯುವವರನ್ನು ಆರ್‌ಟಿಒ ಎಲ್ಲಿಂದ ತರಬೇಕು? ಆದರೂ ಈ ಲೆಕ್ಕದಲ್ಲಿ ಸಾಲ ಮಾಡಿ ಎಂಜಿನ್ ಕಟ್ಟಿಸಿದವನ ಗಾಡಿಗೂ ಪೈಪು ಕಿತ್ತು ದಿನ ತಳ್ಳಿದವನ ಗಾಡಿಗೂ ಒಂದೇ ತಾರೀಖು ಬಿತ್ತು. ಕೊನೆಯ ಪದ್ಮಿನಿ ಟ್ಯಾಕ್ಸಿ ತಾರ್‌ದೇವ್ ಆರ್‌ಟಿಒದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. 2023ರ ಅಕ್ಟೋಬರ್ 30ರಿಂದ ಮುಂಬಯಿಯಲ್ಲಿ ಪದ್ಮಿನಿ ಟ್ಯಾಕ್ಸಿ ಇಲ್ಲ.

ಟ್ಯಾಕ್ಸಿಯ ಮಿತಿ ಖಾಸಗಿ ಕಾರುಗಳಿಗೆ ಅನ್ವಯಿಸುವುದಿಲ್ಲ. ಅಪ್ಪನ ಕಾರು, ಅಜ್ಜನ ಕಾರು ಎಂದು ಪದ್ಮಿನಿ ಉಳಿಸಿಕೊಂಡವರು ಈಗಲೂ ಇದ್ದಾರೆ, ಬ್ರೀದರಿನ ಕೆಲಸವೂ ಉಳಿದಿದೆ. ಎಣ್ಣೆ, ಬಿಸಿ ಎರಡನ್ನೂ ಉಂಡು ಕಲ್ಲಿನಂತಾದ ರಬ್ಬರ್ ಪೈಪನ್ನು ಬ್ಲೇಡಿನಿಂದ ಸೀಳಿ ತೆಗೆಯಬೇಕು, ಎಳೆದರೆ ಒಳಗೇ ಮುರಿದು ಉಳಿಯುತ್ತದೆ. ಅದು ಕೂರುವ ಕೊಳವೆಯ ಬಾಯಲ್ಲಿ ಕಟ್ಟಿದ ಕರಿಯ ಜಿಡ್ಡನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಬೇಕು. ಹೊಸ ಪೈಪು ಆಯಿಲ್ ತಡೆಯುವ ಜಾತಿಯದೇ ಆಗಬೇಕು. ನೀರಿನ ಪೈಪು ಕತ್ತರಿಸಿ ಹಾಕಿದರೆ ಕೆಲವೇ ತಿಂಗಳಲ್ಲಿ ಉಬ್ಬಿ ಮೆತ್ತಗಾಗುತ್ತದೆ. ಎರಡೂ ತುದಿಗೆ ಕ್ಲಿಪ್ಪು ಬಿಗಿದು, ಫಿಲ್ಟರಿನ ತೂತಿನಲ್ಲಿ ಹಳೆಯ ಬಿರಡೆ ಇದ್ದರೆ ಅದನ್ನು ಕಿತ್ತುಹಾಕಿ ಎಂಜಿನ್ ಚಾಲೂ ಮಾಡುತ್ತಾರೆ. ಮಿಸ್ತ್ರಿ ಆಯಿಲ್ ಮುಚ್ಚಳ ತೆಗೆದು ಮತ್ತೆ ಅಂಗೈ ಹಿಡಿಯುತ್ತಾನೆ.